ಜೀರ್ಣವಾದ ಓಲೆಗಳ ಗತಿ: ಯೆಹೂದ್ಯರ ಗೆನೀಜಾ ಪದ್ಧತಿಯೂ ಕನ್ನಡನಾಡಿನ ಜೈನ ಶಾಸ್ತ್ರಭಂಡಾರಗಳೂ

ಬಸದಿಗಳಿಗೆ ಬಿಟ್ಟ ದತ್ತಿಗಳನ್ನು ಹೇಳುವ ಕನ್ನಡ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚಕ್ಕೆಂದೇ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುತ್ತಿದ್ದರು. ಶಾಸ್ತ್ರದಾನದಲ್ಲಿಯೂ ಪೂರ್ವಿಕರು ಹಿಂದೆಬಿದ್ದವರಲ್ಲ. ಪೊನ್ನನ ಶಾಂತಿಪುರಾಣ ಮರೆಯಾಗದಿರಲೆಂದು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿ ವಿದ್ವಾಂಸರಿಗೆ ವಿದಿತವೇ ಇದೆ. ನೋಂಪಿಯ ಉದ್ಯಾಪನೆಗೆಂದು ಗ್ರಂಥ ಬರೆಸಿ ಮುನಿಗಳ ಕೈಗೆ ಒಪ್ಪಿಸಿದ ಶ್ರಾವಿಕೆಯರ ಹೆಸರುಗಳು ಪ್ರಶಸ್ತಿಗಳಲ್ಲಿ ಉಳಿದಿವೆ. ಆದರೆ ಹೊಸ ಪ್ರತಿ ಸಿದ್ಧವಾಗಿ ಪೀಠವನ್ನೇರಿದ ಮೇಲೆ, ಅಂಚು ಮುರಿದು ಹುಳು ತಿಂದ ಹಳೆಯ ಪ್ರತಿ ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಪ್ರಶಸ್ತಿಗಳಾಗಲಿ ಶಾಸನಗಳಾಗಲಿ ಹೇಳುವುದಿಲ್ಲ. ಅದನ್ನು ರೂಢಿಗೆ ಬಿಟ್ಟಿದ್ದರು.

ಆ ರೂಢಿಯಾದರೋ ದಕ್ಷಿಣದೇಶದ ಅನೇಕ ಸಮಾಜಗಳಲ್ಲಿ ಒಂದೇ ಬಗೆಯದು. ಓದಲಾಗದ ಓಲೆಯ ಕಟ್ಟನ್ನು ಪೂಜಿಸಿ, ಅರಿಶಿನ ಕುಂಕುಮವಿಟ್ಟು, ಹರಿಯುವ ನೀರಿಗೆ ಬಿಡುವುದು. ತಮಿಳುನಾಡಿನಲ್ಲಿ ಇದು ಎಷ್ಟು ಹಾನಿಯನ್ನುಂಟುಮಾಡಿತೆಂಬುದಕ್ಕೆ ಉ. ವೇ. ಸ್ವಾಮಿನಾಥ ಅಯ್ಯರ್ (1855–1942) ಅವರ ಆತ್ಮಚರಿತ್ರೆಯೇ ಸಾಕ್ಷಿ. ಜೈನ ಮಹಾಕಾವ್ಯವಾದ ಜೀವಕಚಿಂತಾಮಣಿಯನ್ನು ಕುಂಭಕೋಣದ ಜೈನರ ನೆರವಿನಿಂದ ಅರ್ಥಮಾಡಿಕೊಂಡು 1887ರಲ್ಲಿ ಅಚ್ಚುಹಾಕಿಸಿದ ಈ ಮಹನೀಯರು ಓಲೆಗಳನ್ನರಸುತ್ತ ಊರೂರು ಅಲೆದರು. ಆಡಿ ತಿಂಗಳ ಹದಿನೆಂಟರ ಹಬ್ಬದಂದು ಹಳೆಯ ಕಟ್ಟುಗಳನ್ನು ಹೊಳೆಗೆ ಬಿಟ್ಟೆವೆಂಬ ಉತ್ತರ ಅವರಿಗೆ ದೊರೆತದ್ದುಂಟು. ಕರಿವಲಂವಂದನಲ್ಲೂರಿನ ದೇವಾಲಯದಲ್ಲಿ, ಜೀರ್ಣವಾದ ಓಲೆಗಳನ್ನು ತುಪ್ಪದಲ್ಲಿ ಅದ್ದಿ ಹೋಮಕುಂಡಕ್ಕೆ ಹಾಕಿದೆವೆಂದು ತಿಳಿಸಿದರಂತೆ. ಹಾಗೆ ಮಾಡಿದವರು ಅಸಡ್ಡೆಯ ಜನರಲ್ಲ. ಅವರು ಭಕ್ತಿಯಿಂದಲೇ ಮಾಡಿದರು. ಭಕ್ತಿಯಿಂದಾದ ನಷ್ಟವನ್ನು ಯಾರೂ ನಷ್ಟವೆಂದು ಎಣಿಸುವುದಿಲ್ಲವಾದ್ದರಿಂದ ಅದು ಎಲ್ಲಿಯೂ ದಾಖಲೆಯಾಗುವುದಿಲ್ಲ.

ಈ ಪ್ರಶ್ನೆಯನ್ನು ವಿಧಿನಿಷೇಧಗಳ ಮಟ್ಟದಲ್ಲಿ ಬಹು ಹಿಂದೆಯೇ ಎತ್ತಿಕೊಂಡು, ಸೂಕ್ಷ್ಮವಾಗಿ ವಿಚಾರಿಸಿದ ಸಮಾಜವೊಂದುಂಟು. ಅದು ಯೆಹೂದ್ಯರದು. ಅವರ ‘ಗೆನೀಜಾ’ ಪದ್ಧತಿ ಕನ್ನಡನಾಡಿನ ಇತಿಹಾಸಕ್ಕೂ ಅನಿರೀಕ್ಷಿತವಾದ ಒಂದು ದಾರಿಯಿಂದ ಸಂಬಂಧಿಸಿರುವುದರಿಂದ ಜೈನ ವಿದ್ವಾಂಸರು ಅದನ್ನು ತಿಳಿಯುವುದು ಯುಕ್ತ.

ಗೆನೀಜಾ ಎಂಬ ಹೀಬ್ರೂ ಪದಕ್ಕೆ ಮರೆಯಾಗಿರಿಸುವುದು, ಕೂಡಿಡುವುದು ಎಂಬ ಅರ್ಥಗಳಿವೆ. ಬಳಕೆಗೆ ಬಾರದ ಪವಿತ್ರ ಲೇಖನಗಳನ್ನು ಇರಿಸುವ ಕೋಣೆಗೂ ಅದೇ ಹೆಸರು. ಇದರ ಮೂಲ ಅವರ ಧರ್ಮಗ್ರಂಥವಾದ ತೋರಾದ ಐದನೆಯ ಭಾಗದಲ್ಲಿದೆ. ಅಲ್ಲಿ ಪರದೇವತೆಗಳ ಹೆಸರುಗಳನ್ನು ಅಳಿಸಿಹಾಕಬೇಕೆಂಬ ಆಜ್ಞೆಯ ಬೆನ್ನಿಗೇ, ನಿಮ್ಮ ದೇವರ ವಿಷಯದಲ್ಲಿ ಹಾಗೆ ಮಾಡಕೂಡದೆಂಬ ಮಾತು ಬರುತ್ತದೆ. ಇದರಿಂದ ದೇವನಾಮವನ್ನು ಅಳಿಸಬಾರದೆಂಬ ನಿಷೇಧವನ್ನು ಅವರ ಆಚಾರ್ಯರು ಸಿದ್ಧಮಾಡಿದರು. ಅಳಿಸಬಾರದ ನಾಮಗಳು ಯಾವುವೆಂದು ತಾಲ್ಮೂದಿನಲ್ಲಿ ಹೇಳಿದೆ. ಹನ್ನೆರಡನೆಯ ಶತಮಾನದ ಮಹಾವಿದ್ವಾಂಸ ಮೈಮೋನಿದೀಸ್ (1138–1204) ತನ್ನ ‘ಮಿಶ್ನೆ ತೋರಾ’ ಎಂಬ ಧರ್ಮಸಂಹಿತೆಯಲ್ಲಿ ಇದನ್ನು ವಿವರಿಸಿದ್ದಾನೆ. ಲಿಪಿಕಾರನು ಕೈತಪ್ಪಿ ಬರೆದರೂ ಆ ನಾಮವನ್ನು ಕೆರೆದುಹಾಕುವಂತಿಲ್ಲ.

ತೋರಾದ ಸುರುಳಿಯನ್ನು ಹದಗೊಳಿಸಿದ ಚರ್ಮದ ಮೇಲೆ ಬರೆಯುತ್ತಾರೆ. ಜೈನದೃಷ್ಟಿಗೆ ಅಗ್ರಾಹ್ಯವಾದ ಈ ಸಂಗತಿಯನ್ನು ಬದಿಗಿಟ್ಟು ನೋಡಿದರೆ, ಅವರ ಲೇಖನನಿಯಮಗಳ ಕಾಠಿಣ್ಯ ಯಾವ ಲಿಪಿಕಾರನನ್ನಾದರೂ ಬೆರಗುಗೊಳಿಸುವಂತಹುದು. ಒಂದು ಅಕ್ಷರ ಲೋಪವಾದರೂ ಆ ಸುರುಳಿ ಸಭೆಯಲ್ಲಿ ಪಠಿಸಲು ಅನರ್ಹ. ತಿದ್ದದ ದೋಷವುಳ್ಳ ಪ್ರತಿಯನ್ನು ಮೂವತ್ತು ದಿನಗಳಿಗಿಂತ ಹೆಚ್ಚು ಇರಿಸಿಕೊಳ್ಳಬಾರದು. ಅಷ್ಟರಲ್ಲಿ ತಿದ್ದಬೇಕು, ಇಲ್ಲವೇ ಗೆನೀಜಾಕ್ಕೆ ಸೇರಿಸಬೇಕು. ಜೀರ್ಣವಾದ ಸುರುಳಿಯನ್ನು ಮಣ್ಣಿನ ಪಾತ್ರೆಯಲ್ಲಿಟ್ಟು ಒಬ್ಬ ವಿದ್ವಾಂಸನ ಸಮಾಧಿಯ ಪಕ್ಕದಲ್ಲಿ ಹೂಳಬೇಕೆಂಬುದು ತಾಲ್ಮೂದಿನ ವಿಧಿ. ಮಣ್ಣಿನ ಪಾತ್ರೆಯೇ ಏಕೆಂಬುದಕ್ಕೆ ಕೊಡುವ ಆಧಾರ ಗಮನಾರ್ಹ. ಯೆರೆಮೀಯನೆಂಬ ಪ್ರವಾದಿ ಭೂಮಿಯನ್ನು ಕ್ರಯಕ್ಕೆ ಪಡೆದಾಗ ಅದರ ಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿರಿಸಿದ ಪ್ರಸಂಗವನ್ನು ಅಲ್ಲಿ ಉದಾಹರಿಸುತ್ತಾರೆ. ಎಂದರೆ ಹೂಳುವಾಗಲೂ ಅದು ಬೇಗ ನಾಶವಾಗಲೆಂಬ ಉದ್ದೇಶವಿಲ್ಲ. ಕೈಯಾರೆ ನಾಶಮಾಡಿದ ದೋಷ ತಟ್ಟದಿರಲೆಂಬುದೇ ಉದ್ದೇಶ.

ಗ್ರಂಥದ ಪರಿಕರಗಳಿಗೂ ನಿಯಮವಿದೆ. ಪವಿತ್ರಲೇಖನವನ್ನು ಹೊತ್ತ ಚೀಲ, ಕರಂಡಕ, ಪಟ್ಟಿ ಇವೆಲ್ಲ ಗೆನೀಜಾಕ್ಕೆ ಸೇರತಕ್ಕವು. ಕೇವಲ ಒಂದು ವಿಧಿಯ ಆಚರಣೆಗೆ ಬಳಸಿದ ವಸ್ತುಗಳನ್ನು, ಉದಾಹರಣೆಗೆ ಹಬ್ಬದ ಗರಿಯನ್ನೋ ಚಪ್ಪರದ ಸಾಮಗ್ರಿಯನ್ನೋ, ಎಸೆಯಬಹುದು. ಸುರುಳಿಗೆ ಹೊದಿಸಿದ ವಸ್ತ್ರ ಸವೆದಾಗ ಅದನ್ನು ದಿಕ್ಕಿಲ್ಲದೆ ಸತ್ತವನ ಶವಕ್ಕೆ ಹೊದಿಕೆಯಾಗಿ ಬಳಸಬಹುದೆಂದೂ, ಅದೇ ಆ ವಸ್ತ್ರದ ಗೆನೀಜಾವೆಂದೂ ಹೇಳಿದ್ದಾರೆ. ಶಾಸ್ತ್ರದ ಕಟ್ಟಿಗೆ ಸುತ್ತಿದ ವೇಷ್ಟನವನ್ನು ಹೊಸದು ಬಂದೊಡನೆ ಎಲ್ಲಿಗೋ ಬಿಸುಡುವ ಭಂಡಾರಗಳವರು ಗಮನಿಸಬೇಕಾದ ಮಾತಿದು. ಏಕೆಂದರೆ ಹಳೆಯ ವೇಷ್ಟನದ ಮೇಲೆಯೋ ಮೇಲುಹಲಗೆಯ ಒಳಮೈಯಲ್ಲಿಯೋ ದಾನಿಯ ಹೆಸರು, ಬಸದಿಯ ಹೆಸರು, ತಿಥಿ ಇರುವುದುಂಟು.

ವ್ಯವಹಾರದಲ್ಲಿ ಗೆನೀಜಾ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಲೇಖನವನ್ನು ಬಳಕೆಯಿಂದ ಹಿಂತೆಗೆದು ಪ್ರಾರ್ಥನಾಮಂದಿರದ ಕೋಣೆಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಹಾಕಿಡುತ್ತಾರೆ. ಬಳಿಕ, ತುಂಬಿದಾಗ, ಸ್ಮಶಾನಭೂಮಿಗೆ ಒಯ್ದು ಹೂಳುತ್ತಾರೆ. ಈ ಎರಡು ಹಂತಗಳ ನಡುವಣ ಕಾಲಾವಕಾಶವೇ ಮುಂದೆ ಮಹತ್ತ್ವದ್ದಾಯಿತು. ಈಜಿಪ್ಟಿನ ಹಳೆಯ ಕೈರೋ, ಎಂದರೆ ಫುಸ್ತಾತಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಎರಡನೆಯ ಹಂತ ಶತಮಾನಗಳ ಕಾಲ ನಡೆಯಲೇ ಇಲ್ಲ. ಸ್ತ್ರೀಯರು ಕುಳಿತುಕೊಳ್ಳುವ ಮೇಲುಪ್ಪರಿಗೆಯ ತುದಿಯಲ್ಲಿ, ಗೋಡೆಯ ಮೇಲ್ಭಾಗದ ಕಂಡಿಯೊಂದೇ ಬಾಗಿಲಾಗಿದ್ದ ಕತ್ತಲ ಕೋಣೆಯೊಳಕ್ಕೆ ಸುಮಾರು ಹನ್ನೊಂದನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಕಾಗದಗಳನ್ನು ಸುರಿಯುತ್ತಲೇ ಬಂದರು. ಶುಷ್ಕ ಹವೆಯಿಂದಾಗಿ ಅವು ಉಳಿದವು. ಧರ್ಮಗ್ರಂಥಗಳ ಜೊತೆಗೆ ಹೀಬ್ರೂ ಲಿಪಿಯಲ್ಲಿ ಬರೆದ ಏನನ್ನಾದರೂ ಅಲ್ಲಿ ಹಾಕುತ್ತಿದ್ದುದರಿಂದ ಕ್ರಯಪತ್ರ, ವಿವಾಹಪತ್ರ, ಲೆಕ್ಕದ ಚೀಟಿ, ಮಕ್ಕಳ ಅಕ್ಷರಾಭ್ಯಾಸದ ಹಾಳೆ ಎಲ್ಲವೂ ಬೆರೆತು ಬಿದ್ದಿದ್ದವು.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ವಿದುಷಿಯರಾದ ಸೋದರಿಯರು ಪೂರ್ವದೇಶಗಳ ಪ್ರವಾಸದಲ್ಲಿ ಕೊಂಡುತಂದ ಕೆಲವು ಹಾಳೆಗಳಲ್ಲಿ ಒಂದನ್ನು ಕೇಂಬ್ರಿಜ್‌ನ ಸಾಲೊಮನ್ ಶೆಖ್ಟರ್ ಪರಿಶೀಲಿಸಿದರು. ಅದು ಬೆನ್ ಸೀರಾನ ನೀತಿಗ್ರಂಥದ ಹೀಬ್ರೂ ಮೂಲದ ಹಾಳೆಯಾಗಿತ್ತು. ಆ ಗ್ರಂಥದ ಮೂಲ ಶತಮಾನಗಳಿಂದ ಕಾಣೆಯಾಗಿ ಗ್ರೀಕ್ ಮತ್ತು ಸಿರಿಯಾಕ್ ಭಾಷಾಂತರಗಳಷ್ಟೇ ಬಳಕೆಯಲ್ಲಿದ್ದವು. ಅದೇ ವರ್ಷದ ಕೊನೆಯಲ್ಲಿ ಶೆಖ್ಟರ್ ಕೈರೋಗೆ ತೆರಳಿ, ಕೋಣೆಯ ಧೂಳಿನಲ್ಲಿ ವಾರಗಟ್ಟಲೆ ಕುಳಿತು ಆರಿಸಿ, ಕೇಂಬ್ರಿಜ್‌ಗೆ ಸಾಗಿಸಿದ ರಾಶಿ ಇಂದಿನ ಎಣಿಕೆಯಂತೆ ಸುಮಾರು 1,93,000 ತುಣುಕುಗಳಷ್ಟಿದೆ. ಉಳಿದವು ಆಕ್ಸ್‌ಫರ್ಡ್, ನ್ಯೂಯಾರ್ಕ್ ಮೊದಲಾದೆಡೆ ಹಂಚಿಹೋಗಿವೆ. ಮೈಮೋನಿದೀಸನ ಸ್ವಹಸ್ತದ ಕರಡುಗಳೂ ಆ ರಾಶಿಯಲ್ಲಿ ಸಿಕ್ಕವು.

ಕನ್ನಡನಾಡಿನ ಸಂಬಂಧ ಈ ಕೋಣೆಯಲ್ಲಿಯೇ ಇದೆ. ಉತ್ತರ ಆಫ್ರಿಕದ ಮಹ್ದಿಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿಯೂ ಮಲಬಾರಿನ ಕರಾವಳಿಯಲ್ಲಿಯೂ ನೆಲೆಸಿ ವ್ಯಾಪಾರ ನಡೆಸಿದ. ಮೆಣಸು, ಅಡಕೆ, ಕಬ್ಬಿಣವನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಹಳೆಯ ಕಂಚಿನ ಪಾತ್ರೆಗಳನ್ನು ತರಿಸಿ, ಇಲ್ಲಿ ಕರಗಿಸಿ ಹೊಸದು ಮಾಡಿಸಿ ಹಿಂದಿರುಗಿಸುತ್ತಿದ್ದ. ಅಶು ಎಂಬ ದಾಸಿಯನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ದಾಸ್ಯದಿಂದ ಬಿಡುಗಡೆಮಾಡಿದ ಪತ್ರ ಉಳಿದಿದೆ. ಏಡನ್ನಿನ ಮಿತ್ರರು ಅವನಿಗೆ ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಉಡುಗೊರೆಯಾಗಿ ಬಿಳಿಯ ಕಾಗದವನ್ನು ಕಳುಹಿಸುತ್ತಿದ್ದರು. ಸುತ್ತಲಿನವರೆಲ್ಲ ಓಲೆಯಲ್ಲಿ ಬರೆಯುತ್ತಿದ್ದ ನಾಡಿನಲ್ಲಿ ಅವನಿಗೆ ಅದು ದುರ್ಲಭವಾಗಿತ್ತು. ಬಂದ ಪತ್ರಗಳ ಅಂಚಿನಲ್ಲಿಯೂ ಹಿಂಬದಿಯಲ್ಲಿಯೂ ಅವನು ತನ್ನ ಲೆಕ್ಕಗಳನ್ನೂ ಕರಡುಗಳನ್ನೂ ಬರೆದಿಟ್ಟ. ಸ್ವದೇಶದತ್ತ ಹಿಂದಿರುಗುವಾಗ ಆ ಕಾಗದಗಳನ್ನು ಜೊತೆಗೆ ಒಯ್ದ. 1156ರ ವೇಳೆಗೆ ಅವನ ಕುಟುಂಬ ಫುಸ್ತಾತಿನಲ್ಲಿತ್ತು. ಕಾಗದಗಳು ಕೊನೆಗೆ ಬೆನ್ ಎಜ್ರಾದ ಕಂಡಿಯೊಳಗೆ ಬಿದ್ದವು.

ಎಸ್. ಡಿ. ಗೊಯಿಟೈನ್ (1900–1985) ಅವರು ದಶಕಗಳ ಕಾಲ ಈ ತುಣುಕುಗಳನ್ನು ಹೊಂದಿಸಿ ಓದಿದರು. ಅವರು ಸಿದ್ಧಪಡಿಸಿದ ಭಾರತವ್ಯಾಪಾರದ ದಾಖಲೆಗಳ ಸಂಪುಟವನ್ನು ಮೊರ್ಡೆಖಾಯ್ ಫ್ರೀಡ್‌ಮನ್ ಪೂರ್ಣಗೊಳಿಸಿ 2008ರಲ್ಲಿ ಪ್ರಕಟಿಸಿದರು. ಬೆನ್ ಯಿಜುವಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ, ಏಡನ್ನಿನ ವರ್ತಕರೂ ಪತ್ರಗಳಲ್ಲಿ ಕ್ಷೇಮ ವಿಚಾರಿಸುತ್ತಿದ್ದ ಸೇವಕನೊಬ್ಬನ ಹೆಸರು ಅರಬ್ಬೀ ಭಾಷೆಯ ಹೀಬ್ರೂ ಬರಹದಲ್ಲಿ ‘ಬ-ಮ’ ಎಂಬಂತೆ ಕಾಣುತ್ತದೆ. ಅದು ತುಳುನಾಡಿನ ‘ಬೊಮ್ಮ’ ಎಂಬ ನಿರ್ಣಯಕ್ಕೆ ಲೇಖಕ ಅಮಿತಾವ್ ಘೋಷ್ ಬರಲು ಪ್ರೊ. ಬಿ. ಎ. ವಿವೇಕ ರೈ ಅವರ ಸಲಹೆ ನೆರವಾಯಿತು. ಎಂಟುನೂರು ವರ್ಷಗಳ ಹಿಂದಿನ ಬೊಮ್ಮನೊಬ್ಬನ ಸಂಬಳದ ಲೆಕ್ಕವನ್ನು ಇಂದು ಓದಲು ಸಾಧ್ಯವಾಗಿರುವುದು ಕೈರೋದವರು ಹಳೆಯ ಕಾಗದವನ್ನು ಎಸೆಯಲು ಹಿಂಜರಿದದ್ದರಿಂದ.

ಇದಕ್ಕೆ ಎದುರಾಗಿ ಇರಿಸಬೇಕಾದುದು ಅದೇ ಅರ್ಧಶತಮಾನದ ಜೈನ ಬರಹ. ಮೂಡುಬಿದಿರೆಯ ಸಿದ್ಧಾಂತಬಸದಿಯಲ್ಲಿ ಉಳಿದುಬಂದ ಧವಲೆಯ ತಾಡವೋಲೆಯ ಪ್ರತಿಯನ್ನು ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮೀ ನೋಂಪಿಯ ಉದ್ಯಾಪನೆಗೆಂದು ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಶುಭಚಂದ್ರರು ಶಕವರ್ಷ 1045ರಲ್ಲಿ, ಎಂದರೆ ಕ್ರಿ.ಶ. 1123ರಲ್ಲಿ ಸಮಾಧಿಹೊಂದಿದರೆಂದು ಶ್ರವಣಬೆಳಗೊಳದ ಶಾಸನ ಹೇಳುವುದರಿಂದ ಪ್ರತಿ ಅದಕ್ಕಿಂತ ಹಿಂದಿನದು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಅದೇ ಬಗೆಯ ನೋಂಪಿಯ ನಿಮಿತ್ತ ಉದಯಾದಿತ್ಯನಿಂದ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಮಸಿಯಿಂದ ಬರೆದ, ಚಿತ್ರಗಳನ್ನೂ ಒಳಗೊಂಡ ಈ ಸಂಗ್ರಹ ಪೂಜಾವಸ್ತುವಾಗಿ ಬೀಗದೊಳಗೆ ಉಳಿಯಿತು. ಬೆನ್ ಯಿಜುವಿನ ಚೀಟಿಗಳು ಕಸದಂತೆ ಉಳಿದವು. ಆದರೆ ಆ ಕಾಲದಲ್ಲಿ ಐಯ್ಯಾವೊಳೆಯ ಐನೂರ್ವರ ಸಂಘಗಳಲ್ಲಿ ವ್ಯವಹರಿಸುತ್ತಿದ್ದ, ಬಸದಿಗಳಿಗೆ ದತ್ತಿಬಿಟ್ಟ ಜೈನ ಸೆಟ್ಟಿಗಳು ಬರೆದ ಓಲೆಗಳಲ್ಲಿ ಒಂದಾದರೂ ಉಳಿದುಬಂದಂತೆ ಕಾಣುವುದಿಲ್ಲ. ಅವರನ್ನು ಕಲ್ಲಿನ ಶಾಸನಗಳಿಂದಲೇ ಅರಿಯಬೇಕಾಗಿದೆ. ಶಾಸನದಲ್ಲಿ ದಾನವಿದೆ, ವಂಶಾವಳಿಯಿದೆ. ಮಗಳ ಮದುವೆಯ ಚಿಂತೆಯಿಲ್ಲ, ಒಡೆದ ಹಡಗಿನ ಸುದ್ದಿಯಿಲ್ಲ.

ಪವಿತ್ರವಲ್ಲದ ಬರಹ ಹೋದುದಕ್ಕೆ ಪಂಡಿತರು ಅಷ್ಟಾಗಿ ಮರುಗದಿರಬಹುದು. ಆದರೆ ಪ್ರತಿಯಾದ ಮೇಲೆ ಮೂಲದ ಓಲೆಯಿಂದ ಪ್ರಯೋಜನವೇನೆಂಬ ಪ್ರಶ್ನೆಗೆ ಆಗಮಗ್ರಂಥದ ಇತಿಹಾಸದಲ್ಲಿಯೇ ಉತ್ತರವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮುಂಬಯಿಯ ಸೇಠ್ ಮಾಣಿಕಚಂದ್ ಅವರು ಯಾತ್ರೆಗೆ ಬಂದು ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ಜೀರ್ಣಸ್ಥಿತಿಯನ್ನು ಕಂಡ ಬಳಿಕ, ಪ್ರತಿಮಾಡಿಸುವ ಕಾರ್ಯ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿ, ಪ್ರತಿಯಿಂದ ಪ್ರತಿಯಾಗಿ ಹಬ್ಬಿ, ಕೊನೆಗೆ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂದಿತು. ಮೂಲದ ಓಲೆಯನ್ನು ನೋಡುವ ಅವಕಾಶವಿಲ್ಲದೆ, ಪ್ರತಿಯ ಪ್ರತಿಗಳಿಂದ ಆ ಸಂಪುಟ ಸಿದ್ಧವಾಗಿತ್ತು.

ಅದರಲ್ಲಿನ ಸತ್ಪ್ರರೂಪಣೆಯ 93ನೆಯ ಸೂತ್ರದ ವಿಷಯ ಪಂಡಿತರಿಗೆ ತಿಳಿದುದೇ. ಮನುಷ್ಯಿಣಿಯರಲ್ಲಿ ನಿಯಮದಿಂದ ಪರ್ಯಾಪ್ತಾವಸ್ಥೆಯಲ್ಲಿಯೇ ಆಗುವ ಗುಣಸ್ಥಾನಗಳನ್ನು ಹೇಳುವ ಆ ಸೂತ್ರದಲ್ಲಿ ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಅರ್ಥಸಂಗತಿಗೆ ಆ ಪದ ಇರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದಕ್ಕೆ ದೊಡ್ಡ ವಾದವೇ ಎದ್ದಿತು. ಸ್ತ್ರೀಮುಕ್ತಿಯ ವಿಚಾರದವರೆಗೂ ಅದು ಹಬ್ಬಿತು. ಮುಂದೆ ಮೂಡುಬಿದಿರೆಯ ಭಟ್ಟಾರಕರ ಅನುಮತಿಯಿಂದ ತಾಡವೋಲೆಯೊಡನೆ ಪಾಠವನ್ನು ತಾಳೆನೋಡಲು ಸಾಧ್ಯವಾದಾಗ, ಓಲೆಯಲ್ಲಿ ಆ ಪದ ಇದ್ದುದು ಕಂಡುಬಂದಿತು. ಸೂತ್ರದ ಅರ್ಥವನ್ನು ಭಾವಸ್ತ್ರೀಪರವಾಗಿ ಹೇಳಬೇಕೇ ಎಂಬುದು ಬೇರೆ ವಿಚಾರ. ಪಾಠವೇನೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಓಲೆಯಿಂದ. ಪ್ರತಿ ಸಿದ್ಧವಾಯಿತೆಂದು ಆ ಜೀರ್ಣಪ್ರತಿಯನ್ನು 1920ರ ಸುಮಾರಿನಲ್ಲಿಯೇ ವಿಧಿಪೂರ್ವಕ ನೀರಿಗೆ ಬಿಟ್ಟಿದ್ದರೆ ಎರಡು ಪಕ್ಷದವರೂ ಕೊನೆಯವರೆಗೆ ಊಹೆಯನ್ನೇ ಆಶ್ರಯಿಸಬೇಕಾಗುತ್ತಿತ್ತು.

ಮತ್ತೊಂದು ಸಂಗತಿ. ಮೂಡುಬಿದಿರೆಯಲ್ಲಿ ಧವಲೆಯ ತಾಡವೋಲೆ ಪ್ರತಿಗಳು ಮೂರು. ಅವುಗಳಲ್ಲಿ ಎರಡು ಅಪೂರ್ಣ. ಅಪೂರ್ಣವೆಂದು ಅವನ್ನು ತ್ಯಜಿಸದೆ ಇರಿಸಿದ್ದರಿಂದಲೇ ಪಾಠಪರಿಶೀಲನೆಯಲ್ಲಿ ಒಂದನ್ನು ಮತ್ತೊಂದರಿಂದ ತಾಳೆನೋಡಲು ಸಾಧ್ಯವಾಯಿತು. ಮಹಾಬಂಧಕ್ಕಾದರೋ ಅಂತಹ ಎರಡನೆಯ ಆಧಾರವಿಲ್ಲ. ಆ ಓಲೆಗಳು ಮುರಿದ ಕಡೆಗಳಲ್ಲಿ ಅಚ್ಚಾದ ಸಂಪುಟಗಳಲ್ಲಿಯೂ ಚುಕ್ಕಿಗಳನ್ನು ಇಟ್ಟು ಮುಂದೆ ಹೋಗಬೇಕಾಗಿದೆ. ಎಲ್ಲಿಯೋ ಒಂದು ಕಾಲದಲ್ಲಿ ಇದ್ದಿರಬಹುದಾದ ಇನ್ನೊಂದು ಹರಕು ಪ್ರತಿಯ ಬೆಲೆಯೆಷ್ಟೆಂಬುದು ಆ ಚುಕ್ಕಿಗಳಿಂದ ತಿಳಿಯುತ್ತದೆ.

ಕನ್ನಡ ಸಾಹಿತ್ಯದ ಮಟ್ಟಿಗೂ ಇದೇ ಮಾತು. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಸಂಕಲನಗಳಲ್ಲಿಯೂ ಲಕ್ಷಣಗ್ರಂಥಗಳಲ್ಲಿಯೂ ಉದ್ಧೃತವಾದ ಪದ್ಯಗಳಿಂದಷ್ಟೇ ಗೊತ್ತು. ಪೊನ್ನನ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ಅಸಗನ ಕನ್ನಡ ಕಾವ್ಯವೂ ಸಿಕ್ಕಿಲ್ಲ. ತುಂಬುಳೂರಾಚಾರ್ಯರ ಚೂಡಾಮಣಿಯೆಂಬ ಮಹಾವ್ಯಾಖ್ಯಾನವನ್ನು ಇಂದ್ರನಂದಿಯ ಶ್ರುತಾವತಾರದಲ್ಲಿ ಹೆಸರಿನಿಂದಷ್ಟೇ ಅರಿಯಬೇಕು. ಬೆನ್ ಸೀರಾನ ಗ್ರಂಥ ಒಂದು ಹರಿದ ಹಾಳೆಯಿಂದ ಮರಳಿ ಬಂದಂತೆ ಇವುಗಳಲ್ಲಿ ಯಾವುದಾದರೂ ಒಂದು ದಿನ ಮರಳುವುದಾದರೆ, ಅದು ಅಖಂಡವಾದ ಕಟ್ಟಾಗಿ ಬರುವ ಸಂಭವ ಕಡಿಮೆ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯಂತಹ ಶ್ರಮದ ಸೂಚಿಗಳಿಂದ ಅಖಂಡವಾದ ಕಟ್ಟುಗಳು ಬಹುಮಟ್ಟಿಗೆ ಬೆಳಕಿಗೆ ಬಂದಿವೆ. ಬರುವುದಿದ್ದರೆ ಅದು ಬಿಡಿ ಓಲೆಗಳ ಗಂಟಿನಿಂದ ಬರಬೇಕು.

ಬಿಡಿ ಓಲೆಯನ್ನು ನಿಷ್ಪ್ರಯೋಜಕವೆಂದು ಎಣಿಸುವುದಕ್ಕೆ ಕಾರಣಗಳುಂಟು. ಓಲೆ ಮೊದಲು ಮುರಿಯುವುದು ಅಂಚಿನಲ್ಲಿ. ಪತ್ರಸಂಖ್ಯೆ ಇರುವುದೂ ಅಂಚಿನಲ್ಲಿಯೇ. ಸಂಖ್ಯೆ ಹೋದ ಓಲೆ ಕಟ್ಟಿನಿಂದ ಜಾರಿದರೆ ಮರಳಿ ಸೇರಿಸುವವರಿಲ್ಲ. ಕಂಟದಿಂದ ಕೊರೆದು ಮಸಿ ತುಂಬದ ಓಲೆ, ಅಥವಾ ತುಂಬಿದ ಮಸಿ ಉದುರಿಹೋದ ಓಲೆ, ಬರಿಯ ಓಲೆಯಂತೆ ಕಾಣುತ್ತದೆ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಓಲೆ ತಡೆದುಕೊಳ್ಳುವಂತಿದ್ದರೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದಾಗ ಅಕ್ಷರ ಎದ್ದುಬರುತ್ತದೆ. ಒಂದೇ ಕಟ್ಟಿನ ಓಲೆಗಳನ್ನು ಅಗಲದಿಂದ, ದಾರದ ರಂಧ್ರಗಳ ನಡುವಣ ಅಂತರದಿಂದ, ಪುಟದ ಪಂಕ್ತಿಗಳ ಸಂಖ್ಯೆಯಿಂದ, ಲಿಪಿಕಾರನ ಕೈಬರಹದಿಂದ ಗುರುತಿಸಬಹುದು. ಗೆನೀಜಾದ ತುಣುಕುಗಳನ್ನು ಹೊಂದಿಸಿದ್ದೂ ಇಂತಹ ಗುರುತುಗಳಿಂದಲೇ. ಇತ್ತೀಚೆಗೆ ಅವುಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಹೋಲಿಸಿ, ಬೇರೆ ಬೇರೆ ನಗರಗಳಲ್ಲಿರುವ ಅರ್ಧರ್ಧ ಹಾಳೆಗಳನ್ನು ಒಂದುಗೂಡಿಸುತ್ತಿದ್ದಾರೆ. ಜೈಸಲ್ಮೇರಿನ ಜ್ಞಾನಭಂಡಾರವನ್ನು 1950ರ ಸುಮಾರಿನಲ್ಲಿ ವ್ಯವಸ್ಥೆಗೊಳಿಸಿದ ಮುನಿ ಪುಣ್ಯವಿಜಯರು ಯಾವ ಯಂತ್ರವೂ ಇಲ್ಲದೆ, ಕಣ್ಣು ಮತ್ತು ತಾಳ್ಮೆಗಳಿಂದಲೇ ಈ ಬಗೆಯ ಕೆಲಸ ಮಾಡಿದರು.

ಯೆಹೂದ್ಯರ ನಿಯಮವನ್ನು ಯಥಾವತ್ತಾಗಿ ತರುವಂತಿಲ್ಲ, ತರಬೇಕಾದುದೂ ಇಲ್ಲ. ಅವರಲ್ಲಿ ರಕ್ಷಣೆಗೆ ಹೇತು ನಾಮದ ಪಾವಿತ್ರ್ಯ. ಜೈನಮತದಲ್ಲಿ ಓಲೆ ದ್ರವ್ಯಶ್ರುತದ ಆಶ್ರಯಮಾತ್ರ. ಆದರೆ ಆ ಕಾರಣದಿಂದಲೇ ಜೈನರ ಹೊಣೆ ಹೆಚ್ಚಿನದಾಗುತ್ತದೆ. ಜ್ಞಾನಾವರಣದ ಆಸ್ರವಕಾರಣಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಎಣಿಸುವಾಗ ನಿಹ್ನವ, ಅಂತರಾಯ, ಉಪಘಾತಗಳನ್ನೂ ಹೇಳಿದೆ. ಅಕ್ಷರಗಳು ಓದಲು ಬರುವವರೆಗೆ ಆ ಓಲೆ ಯಾರದೋ ಭಾವಶ್ರುತಕ್ಕೆ ನಿಮಿತ್ತವಾಗಬಲ್ಲುದು. ಅದನ್ನು ನೀರಿಗೆ ಬಿಡುವುದು ವಿನಯವೋ ಅಂತರಾಯವೋ ಎಂದು ಕೇಳಬೇಕಾಗುತ್ತದೆ. ಇತ್ತ ಬೀಗಹಾಕಿ ಯಾರಿಗೂ ತೋರಿಸದೆ ಇರುವುದೂ ನಿಹ್ನವಕ್ಕೆ ಹತ್ತಿರವೇ. ಗೆನೀಜಾ ಎಂಬ ಪದದ ಅರ್ಥವೇ ಮರೆಯಾಗಿರಿಸುವುದೆಂಬುದನ್ನು ಇಲ್ಲಿ ನೆನೆಯಬೇಕು. ಅಹಿಂಸೆಯ ದೃಷ್ಟಿಯಿಂದಲೂ ವಿಚಾರವಿದೆ. ಹುಳು ಹಿಡಿದ ಕಟ್ಟಿನಲ್ಲಿ ತ್ರಸಜೀವಗಳಿರುತ್ತವೆ. ಅದನ್ನು ಅಗ್ನಿಗೆ ಹಾಕಿದರೂ ನೀರಿಗೆ ಹಾಕಿದರೂ ಅವುಗಳ ವಧೆಯಾಗುತ್ತದೆ, ಜೊತೆಗೆ ತೇಜಸ್ಕಾಯಿಕ ಅಪ್ಕಾಯಿಕಗಳ ವಿರಾಧನೆಯೂ ಆಗುತ್ತದೆ. ಪ್ರತಿಷ್ಠಾಪನಾಸಮಿತಿಯನ್ನು ಬಲ್ಲ ಸಮಾಜ, ತ್ಯಜಿಸುವ ವಸ್ತುವನ್ನು ಎಲ್ಲಿ ಹೇಗೆ ಇಡಬೇಕೆಂದು ನೋಡಿ ಇಡುವ ಸಮಾಜ, ಗ್ರಂಥದ ವಿಷಯದಲ್ಲಿ ಮಾತ್ರ ಹೊಳೆಯನ್ನು ನಂಬಬೇಕಾದುದಿಲ್ಲ.

ಯೆಹೂದ್ಯರಿಂದ ಗ್ರಹಿಸಬಹುದಾದುದು ಎರಡು ಹಂತಗಳ ಭೇದ. ಸ್ವಾಧ್ಯಾಯಕ್ಕೆ ಅನರ್ಹವಾದುದನ್ನು ಹಿಂತೆಗೆಯುವುದು ಒಂದು ಕಾರ್ಯ. ಅದಕ್ಕೆ ಕೊನೆಯ ಗತಿಯನ್ನು ಕಾಣಿಸುವುದು ಮತ್ತೊಂದು ಕಾರ್ಯ. ಮೊದಲನೆಯದನ್ನು ಬಸದಿಯ ಪುರೋಹಿತರು ತಾವೇ ನಿರ್ಣಯಿಸಬಹುದು. ಎರಡನೆಯದನ್ನು ಲಿಪಿ ಬಲ್ಲವರು ನೋಡುವವರೆಗೆ ತಡೆಹಿಡಿಯಬೇಕು. ಪ್ರತಿ ಭಂಡಾರದಲ್ಲಿಯೂ ಜೀರ್ಣಪತ್ರಗಳಿಗೆಂದು ಒಂದು ಮರದ ಪೆಟ್ಟಿಗೆಯನ್ನಿರಿಸುವುದು ದೊಡ್ಡ ವೆಚ್ಚದ ಮಾತಲ್ಲ. ಅದರೊಳಗೆ ಹಾಕುವ ಪ್ರತಿಯೊಂದು ಗಂಟಿನ ಮೇಲೆ ಅದು ಯಾವ ಕಟ್ಟಿನಿಂದ, ಯಾವ ಮನೆಯಿಂದ, ಯಾವ ತಿಥಿಯಂದು ಬಂದಿತೆಂದು ಚೀಟಿ ಬರೆದಿಡಬೇಕು. ಬೆನ್ ಎಜ್ರಾದ ಕೋಣೆಯಲ್ಲಿ ಇಲ್ಲದಿದ್ದುದು ಇದೊಂದೇ. ಆ ಒಂದು ಲೋಪದಿಂದ ವಿದ್ವಾಂಸರು ನೂರು ವರ್ಷ ಹೆಣಗಿದರು. ಜ್ಯೇಷ್ಠ ಶುಕ್ಲ ಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ, ಧೂಳು ತೆಗೆದು, ವೇಷ್ಟನ ಬದಲಿಸುವ ಪದ್ಧತಿ ಹೇಗೂ ಇದೆ. ಅಂದೇ ಉದುರಿದ ಚೂರುಗಳನ್ನು ಗುಡಿಸಿಹಾಕದೆ ಆರಿಸಿಡಬಹುದು. ಛಾಯಾಚಿತ್ರ ತೆಗೆಸಿದ ಮೇಲೆಯೂ ಓಲೆಯನ್ನು ಬಿಡುವುದು ಬೇಡ. ‘ಸಂಜದ’ ಪದದ ಪ್ರಸಂಗದಲ್ಲಿ ಪ್ರತಿ ಇದ್ದರೂ ಓಲೆ ಬೇಕಾಯಿತು.

ಮುದ್ರಿತ ಪುಸ್ತಕಗಳ ಪ್ರಶ್ನೆ ಇದಕ್ಕಿಂತ ಬೇರೆ. ಉದ್ಯೋಗನಿಮಿತ್ತ ಊರು ಬಿಟ್ಟು ಬೆಂಗಳೂರಿನ ಹೊರವಲಯದ ಸಿಂಗಸಂದ್ರದಂತಹ ಕಡೆಗಳಲ್ಲಿ ನೆಲೆಸಿದ ಕುಟುಂಬಗಳ ಚಿಕ್ಕ ಮನೆಗಳಲ್ಲಿ ಪೂಜಾಸಂಗ್ರಹಗಳು, ಪಂಚಾಂಗಗಳು, ತೀರ್ಥಂಕರರ ಚಿತ್ರವುಳ್ಳ ಆಮಂತ್ರಣಪತ್ರಿಕೆಗಳು ರಾಶಿಯಾಗುತ್ತವೆ. ಎಸೆಯಲು ಮನಸ್ಸು ಬಾರದು, ಇಡಲು ಸ್ಥಳವಿಲ್ಲ. ಊರಲ್ಲಿ ಹೊಳೆಗೆ ಬಿಡುತ್ತಿದ್ದವರು ಇಲ್ಲಿ ಉಳಿದಿರುವ ಕೆರೆಯ ಕಡೆ ನೋಡುತ್ತಾರೆ. ಅಚ್ಚಿನ ಮಸಿಯ ಕಾಗದಕ್ಕೆ ಕೆರೆ ತಕ್ಕ ಸ್ಥಳವಲ್ಲ. ಸಾವಿರಾರು ಪ್ರತಿಗಳಿರುವ ಇಂತಹ ಕಾಗದಗಳನ್ನು ಯೆಹೂದ್ಯರು ಇಂದು ಪ್ರಾರ್ಥನಾಮಂದಿರದ ಪೆಟ್ಟಿಗೆಗಳಲ್ಲಿ ಸಂಗ್ರಹಿಸಿ, ಆಗಾಗ ಒಯ್ದು ಹೂಳುತ್ತಾರೆ. ಜೈನರೂ ಬಸದಿಯ ಆವರಣದಲ್ಲಿ, ಜನ ತುಳಿಯದ ಒಣನೆಲದಲ್ಲಿ, ಜಂತುರಹಿತ ಸ್ಥಳವನ್ನು ನೋಡಿ ಹಾಗೆ ಮಾಡಲು ಅಡ್ಡಿ ಕಾಣದು. ಆದರೆ ಇಂತಹ ರಾಶಿಗಳ ನಡುವೆ ಅಜ್ಜನ ಕಾಲದ ಓಲೆಯ ಕಟ್ಟೋ, ಕೈಬರಹದ ನೋಂಪಿಯ ಕಥೆಯ ಪುಸ್ತಕವೋ ಸೇರಿಕೊಂಡಿರುವುದುಂಟು. ಹಳಗನ್ನಡ ಲಿಪಿಯನ್ನು ಓದಲಾರದ ಮನೆಯವರಿಗೆ ಎರಡರ ಭೇದ ತಿಳಿಯದು. ಅಂತಹ ಗಂಟನ್ನು ತಂದವರಿಂದ ಅದನ್ನು ಪಡೆದುಕೊಳ್ಳುವಾಗಲೇ ಬಿಚ್ಚಿ ನೋಡಿ, ಕೈಬರಹದ್ದನ್ನು ಬೇರ್ಪಡಿಸಿ, ಮನೆತನದ ಮೂಲ ಊರನ್ನು ಕೇಳಿ ಬರೆದುಕೊಳ್ಳುವ ಕೆಲಸ ಬಸದಿಯಲ್ಲಿ ಇರುವ ಪಂಡಿತರದು.